ಗೋಡೆಯೂ ಬೇಕು, ಬಂಡಸಾಲೆಯೂ ಬೇಕು

ನಮ್ಮ ಮಾವನವರನ್ನು ಹುಡುಕಿಕೊಂಡು ಕರಾವಳಿಯಿಂದ ಒಬ್ಬ ಹೆಂಗಸು ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಬಸವನಗುಡಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ವಕೀಲಿ ಆಫೀಸು. ಗೇಟಿನ ಸದ್ದಾದರೆ ಕಕ್ಷಿದಾರರೇ ಇರಬೇಕು ಅಂದುಕೊಂಡು ಎದ್ದು ಹೋಗುವುದು ನನಗೆ ಅಭ್ಯಾಸವಾಗಿದೆ. ಹೋದೆ. ಅರವತ್ತು ದಾಟಿದ, ಇಸ್ತ್ರಿ ಮಾಡಿದ ಹತ್ತಿ ಸೀರೆಯುಟ್ಟ ಒಬ್ಬರು ಬಟ್ಟೆಚೀಲ ಹಿಡಿದು ನಿಂತಿದ್ದರು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು, ಮೆಟ್ರೋ ಹಿಡಿದು, ದಾರಿಯಲ್ಲಿ ಹೂವಿನವಳನ್ನು ಕೇಳಿಕೊಂಡು ಬಂದೆ ಅಂದರು. ಇಂಜಿನಿಯರು ಮನೆಯಲ್ಲಿದ್ದಾರಾ ಅಂತ ವಿಚಾರಿಸಿದರು.

ನಮ್ಮ ಮನೆಯಲ್ಲಿ ಇಂಜಿನಿಯರು ಅಂದರೆ ಮಾವ. ಅವರಿಗೆ ಎಂಬತ್ತು ದಾಟಿದೆ. ಸರ್ಕಾರಿ ಕೆಲಸದ ಹೆಚ್ಚಿನ ಕಾಲವನ್ನು ಅವರು ಕಡಲ ದಂಡೆಯಲ್ಲೇ ಕಳೆದರು. ಮಳೆಗಾಲದಲ್ಲಿ ಅಲೆಗಳು ಊರೊಳಗೆ ನುಗ್ಗದ ಹಾಗೆ ದಂಡೆಯುದ್ದಕ್ಕೂ ಬಂಡೆಕಲ್ಲು ಪೇರಿಸಿ ತಡೆಗೋಡೆ ಕಟ್ಟಿಸುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಕಡಲನ್ನು ನೋಡಲು ಒಮ್ಮೆಯೂ ಹೋಗಿರಲಿಲ್ಲ. ನಾವು ಮಕ್ಕಳನ್ನು ಕರೆದುಕೊಂಡು ಹೊರಟಾಗಲೂ, ನೋಡಿದ್ದು ಸಾಕಾಗಿದೆ, ನೀವು ಹೋಗಿ ಬನ್ನಿ ಅನ್ನುತ್ತಿದ್ದರು.

ಅವರು ಹಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಕಿವಿ ಸ್ವಲ್ಪ ಮಂದ. ಬಂದವರು ಹತ್ತಿರ ಹೋಗಿ ತಮ್ಮ ಊರಿನ ಹೆಸರು ಹೇಳಿದರು. ಮಾವ ತಲೆಯೆತ್ತಿದರು.

"ನಾನು ಬಂಡಸಾಲೆ ಪಕ್ಕದ ಮನೆಯ ಹುಡುಗಿ. ನಿಮ್ಮ ಹೆಂಡತಿಯ ಹತ್ರ ಸೈಕಲ್ ಕಲಿತವಳು" ಅಂದರು ಆಕೆ.

ಮಾವ ಪೇಪರನ್ನು ನಿಧಾನವಾಗಿ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಕಾಫಿ ತರ್ತೀಯೇನಮ್ಮ ಅಂದರು.

ನಾನು ಅಡುಗೆಮನೆಗೆ ಹೋದೆ, ಆದರೆ ಗಮನವೆಲ್ಲ ಹಾಲಿನಲ್ಲೇ ಇತ್ತು. ಅತ್ತೆಯನ್ನು ನಾನು ಕಂಡವಳಲ್ಲ. ನನ್ನ ಗಂಡ ಮಿಡ್ಲ್‌ಸ್ಕೂಲಿನಲ್ಲಿದ್ದಾಗಲೇ ಅವರು ಹೋಗಿಬಿಟ್ಟರು. ನನಗೆ ಗೊತ್ತಿರುವ ಅತ್ತೆ ಹಾಲಿನ ಗೋಡೆಯ ಮೇಲಿನ ಫೋಟೋದಲ್ಲಿದ್ದಾರೆ. ಅಗಲ ಕುಂಕುಮ, ಬಿಗಿದ ತುಟಿ, ಯಾರನ್ನೋ ಗದರಿಸಲು ಹೊರಟಂಥ ನೋಟ. ಮದುವೆಯಾಗಿ ಬಂದಾಗಿನಿಂದ ಆ ಫೋಟೋಗೆ ಹೂ ಮುಡಿಸುತ್ತಿದ್ದೇನೆ. ಅವರು ಹೇಗಿದ್ದರು ಅಂತ ಒಂದೆರಡು ಸಲ ಕೇಳಿದ್ದೆ. ಒಳ್ಳೆಯವಳು ಅಂತ ಹೇಳಿ ಮಾವ ಮಾತು ಬದಲಿಸಿದ್ದರು. ಗಂಡನಿಗೂ ಹೆಚ್ಚು ನೆನಪಿಲ್ಲ. ಆ ಮುಖದ ಹೆಂಗಸು ಸೈಕಲ್ ಹೊಡೆಯುತ್ತಿದ್ದರು ಅನ್ನುವುದನ್ನು ಕಲ್ಪಿಸಿಕೊಳ್ಳುವುದೇ ನನಗೆ ಕಷ್ಟವಾಯಿತು.

ಕಾಫಿ ಕುಡಿಯುತ್ತ ಆ ಹೆಂಗಸು ತಾವು ಬಂದ ವಿಷಯ ಹೇಳಿದರು. ಆಕೆ ತಮ್ಮೂರಿನಿಂದ ದೂರದ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಊರಿನಲ್ಲಿ ಎಲ್ಲರೂ ಟೀಚರ್ ಅನ್ನುತ್ತಾರಂತೆ, ನಾನೂ ಅಂದಿನಿಂದ ಹಾಗೇ ಕರೆಯುತ್ತಿದ್ದೇನೆ. ಅವರ ಮನೆಯ ಪಕ್ಕದಲ್ಲಿ ಕಡಲಿಗೆ ಮುಖ ಮಾಡಿ ಒಂದು ಹಳೆಯ ಬಂಡಸಾಲೆ ಇದೆ. ಹಿಂದೆ ಹಾಯಿಹಡಗುಗಳಿಂದ ಇಳಿಸಿದ ಸರಕು ಇಡುತ್ತಿದ್ದ ಗೋದಾಮು ಅದು. ಕೆಂಪುಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು, ಕೆಳಗೆ ಉದ್ದಕ್ಕೂ ಒಂದೇ ಹಜಾರ, ಮೇಲೆ ಗುಮಾಸ್ತರು ಕೂರುತ್ತಿದ್ದ ಒಂದು ಕೋಣೆ. ಹಡಗುಗಳು ನಿಂತುಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಮಾವ ಹೊಸದಾಗಿ ಮದುವೆಯಾಗಿ ಆ ಊರಿಗೆ ಹೋದಾಗ ಬಾಡಿಗೆ ಮನೆ ಸಿಗದೆ ಆ ಮೇಲಿನ ಕೋಣೆಯಲ್ಲೇ ಸಂಸಾರ ಹೂಡಿದ್ದರು. ಆಮೇಲೆ ಎಷ್ಟೋ ವರ್ಷಕ್ಕೆ ಸರ್ಕಾರ ಅದನ್ನು ಸಂರಕ್ಷಿತ ಸ್ಮಾರಕ ಅಂತ ಘೋಷಿಸಿ ಮುಂದೆ ನೀಲಿ ಬೋರ್ಡು ನೆಟ್ಟಿತು.

ಹಳೆಯ ಗೋಡೆಯ ಕಲ್ಲುಗಳು ಕಡಲಿಗೆ ಜಾರಿಹೋಗಿದ್ದರಿಂದ ಈಗ ಆ ಊರಿಗೆ ಹೊಸ ತಡೆಗೋಡೆ ಬರುತ್ತಿತ್ತು. ಕಲ್ಲು ತುಂಬಿದ ಟಿಪ್ಪರ್‌ಗಳಿಗೆ ದಂಡೆಗೆ ಇಳಿಯಲು ಅಗಲವಾದ ದಾರಿ ಇದ್ದದ್ದು ಬಂಡಸಾಲೆಯ ಅಂಗಳದಲ್ಲಿ ಮಾತ್ರ. ಗುತ್ತಿಗೆದಾರ ಯಾರನ್ನೂ ಕೇಳದೆ ಕಾಂಪೌಂಡು ಒಡೆದು ಲಾರಿ ನುಗ್ಗಿಸಿದ. ಆನೆಗಾತ್ರದ ಕಲ್ಲುಗಳನ್ನು ಕಟ್ಟಡದ ಬುಡದಲ್ಲೇ ಸುರಿದರು. ಒಂದೊಂದು ಕಲ್ಲು ಬಿದ್ದಾಗಲೂ ಟೀಚರ ಮನೆಯ ಪಾತ್ರೆಗಳು ಅದುರುತ್ತಿದ್ದವು. ಬಂಡಸಾಲೆಯ ಗೋಡೆಯಲ್ಲಿ ಬಿರುಕು ಬಿಟ್ಟಿತು. ನೀಲಿ ಬೋರ್ಡು ಮರಳಿನಲ್ಲಿ ಮಗುಚಿ ಬಿತ್ತು. ಟೀಚರು ಆ ಕಚೇರಿ, ಈ ಕಚೇರಿ ಅಂತ ಅಲೆದರು. ಒಬ್ಬರು ಇದು ಸ್ಮಾರಕದವರ ಕೆಲಸ ಅಂದರು, ಇನ್ನೊಬ್ಬರು ಕಡಲಿನವರ ಕೆಲಸ ಅಂದರು. ಕೊನೆಗೆ, ಆ ದಂಡೆಯಲ್ಲಿ ಮೊದಲ ಗೋಡೆ ಕಟ್ಟಿಸಿದ ಇಂಜಿನಿಯರು ಬದುಕಿದ್ದರೆ ಅವರ ಮಾತು ಕೇಳಿಯಾರು ಅಂತ ವಿಳಾಸ ಹುಡುಕಿಕೊಂಡು ಬಂದಿದ್ದರು. ಇಂಜಿನಿಯರ ಸೊಸೆ ವಕೀಲೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

"ನನ್ನ ಮಾತು ಯಾರು ಕೇಳ್ತಾರಮ್ಮ ಈಗ? ಇವಳ ಮಾತು ಕೇಳ್ತಾರೆ" ಅಂತ ಮಾವ ನನ್ನನ್ನು ತೋರಿಸಿದರು.

ನಾನು ಹೆಚ್ಚಾಗಿ ಆಸ್ತಿ ಪಾಲು, ಬಾಡಿಗೆ ತಕರಾರಿನ ಕೇಸು ನಡೆಸುವವಳು. ಸ್ಮಾರಕದ ಕಾನೂನನ್ನು ಓದಿ ಎಷ್ಟೋ ಕಾಲವಾಗಿತ್ತು. ಆದರೆ ಆ ಶನಿವಾರವೂ ಭಾನುವಾರವೂ ಕೂತು ಓದಿದೆ. ಸಂರಕ್ಷಿತ ಅಂತ ಘೋಷಿಸಿದ ಕಟ್ಟಡದ ಆವರಣದಲ್ಲಿ ಸಂಬಂಧಪಟ್ಟ ಇಲಾಖೆಯ ಅನುಮತಿಯಿಲ್ಲದೆ ಅಗೆಯುವ ಹಾಗಿಲ್ಲ, ಕಟ್ಟುವ ಹಾಗಿಲ್ಲ. ದಂಡೆಯ ಕಾಮಗಾರಿಗಳಿಗೆ ಬೇರೆಯೇ ನಿಯಮಗಳಿವೆ, ಅವೂ ಹಳೆಯ ಸ್ಮಾರಕಗಳಿರುವ ಜಾಗವನ್ನು ಜೋಪಾನ ಮಾಡಬೇಕು ಅನ್ನುತ್ತವೆ. ಇಲ್ಲಿ ಕಡಲ ಕಡೆಯ ಒಪ್ಪಿಗೆ ಮಾತ್ರ ತೆಗೆದುಕೊಂಡಿದ್ದರು. ನನಗೆ ಉತ್ಸಾಹ ಬಂತು. ಕೆಲಸಕ್ಕೆ ಪೂರ್ತಿ ತಡೆಯಾಜ್ಞೆ ಕೇಳುತ್ತೇನೆ ಅಂತ ಸೋಮವಾರ ತಿಂಡಿ ಹೊತ್ತಿಗೆ ಮಾವನಿಗೆ ಹೇಳಿದೆ. ಅವರು ದೋಸೆ ಮುರಿಯುವುದನ್ನು ನಿಲ್ಲಿಸಿದರು.

"ಗೋಡೆ ನಿಲ್ಲಿಸ್ಬೇಡ" ಅಂದರು. "ಮಳೆಗಾಲದಲ್ಲಿ ಮನೆ ಕಡಲಿಗೆ ಹೋಗೋದನ್ನ ನೀನು ನೋಡಿಲ್ಲ. ನಾನು ನೋಡಿದೀನಿ. ಮೊದಲು ಹಿತ್ತಲು, ಆಮೇಲೆ ಬಚ್ಚಲು, ಆಮೇಲೆ ಅಡುಗೆಮನೆ. ಜನ ದೇವರ ಫೋಟೋ ಎತ್ಕೊಂಡು ಆಚೆ ನಿಂತಿರ್ತಾರೆ."

ಹಾಗಾದರೆ ಕಟ್ಟಡ ಹೋಗಲಿ ಅಂತೀರಾ ಮಾವ ಅಂದೆ. ಹಾಗಂದೆನಾ ನಾನು ಅಂತ ಅವರು ಸಿಟ್ಟಾದರು. ಸಂಜೆ ತಾವಾಗಿಯೇ ನನ್ನ ಆಫೀಸಿಗೆ ಬಂದು ಕಕ್ಷಿದಾರರ ಕುರ್ಚಿಯಲ್ಲಿ ಕೂತರು. ಪೆನ್ಸಿಲಿನಲ್ಲಿ ದಂಡೆಯ ಚಿತ್ರ ಬಿಡಿಸಿ ತೋರಿಸಿದರು. ಲಾರಿಗಳು ಉತ್ತರದ ಮೀನು ಇಳಿಸುವ ಕಟ್ಟೆಯ ಕಡೆಯಿಂದ ಬರಬಹುದು, ದಾರಿ ಸುತ್ತು, ಆದರೆ ದಾರಿಯಿದೆ. ಬಂಡಸಾಲೆಯ ಎದುರಿಗೆ ಬಂದಾಗ ಕಲ್ಲನ್ನು ಸುರಿಯಬಾರದು, ಕ್ರೇನಿನಲ್ಲಿ ಎತ್ತಿ ಇಳಿಸಬೇಕು. ಗೋಡೆಯ ಸಾಲು ಅಲ್ಲಿ ಸ್ವಲ್ಪ ಕಡಲ ಕಡೆಗೆ ಬಾಗಬೇಕು. ಬಿರುಕಿನ ಮೇಲೆ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಿ ದಿನವೂ ನೋಡುತ್ತಿರಬೇಕು. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ, ಒಡೆದರೆ ಆ ದಿನ ಕೆಲಸ ನಿಲ್ಲಬೇಕು. ಇಷ್ಟನ್ನು ಕೇಳು, ಜಾಸ್ತಿ ಕೇಳಬೇಡ ಅಂದರು.

ಇದನ್ನೆಲ್ಲ ಕೋರ್ಟಿನ ಮುಂದೆ ತಜ್ಞರಾಗಿ ತಾವೇ ಹೇಳಬೇಕು ಅನ್ನುವುದು ಅವರ ಆಸೆ. ಅದು ಆಗುವುದಿಲ್ಲ ಅಂತ ನಾನೇ ಹೇಳಬೇಕಾಯಿತು. ವಕೀಲರ ಮಾವ ಬಂದು ತಜ್ಞರ ಅಭಿಪ್ರಾಯ ಕೊಟ್ಟರೆ ಎದುರಿನವರು ಎದ್ದು ನಗುತ್ತಾರೆ. ಬೇರೆ ಯಾರಾದರೂ ನಿಷ್ಪಕ್ಷಪಾತಿಗಳೇ ಆಗಬೇಕು. ಅವರ ಮುಖ ಬಾಡಿತು. ಪೆನ್ಸಿಲನ್ನು ಬೆರಳಿನಲ್ಲಿ ತಿರುಗಿಸುತ್ತ, ಸರಿ, ಸಾಕ್ಷಿ ಆಗಲ್ಲ, ಆದರೆ ನೀನು ಜಾಗ ನೋಡೋಕೆ ಹೋಗುವಾಗ ಬರ್ತೀನಿ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ ಅಲ್ವಾ ಅಂದರು.

ನನ್ನ ಗಂಡನಿಗೆ ಇದು ಸರಿಬರಲಿಲ್ಲ. ಈ ವಯಸ್ಸಿನಲ್ಲಿ ಘಾಟಿ ಇಳಿಸಿ ಅಪ್ಪನನ್ನು ಎಲ್ಲಿಗೆ ಎಳ್ಕೊಂಡು ಹೋಗ್ತೀಯ ಅಂತ ನನ್ನ ಮೇಲೆ ರೇಗಿದರು. ಮಾವ ಅಷ್ಟು ಹೊತ್ತಿಗಾಗಲೇ ಸ್ವೆಟರು ಮಡಚಿ ಬ್ಯಾಗಿಗೆ ಹಾಕುತ್ತಿದ್ದರು. ಕಡಲ ದಂಡೆಗೆ ಸ್ವೆಟರು ಯಾಕಪ್ಪ ಅಂದಿದ್ದಕ್ಕೆ, ರೈಲಿಗೆ ಅಂದರು.

ಟೀಚರು ಸ್ಟೇಷನ್ನಿಗೆ ಆಟೋ ತಂದಿದ್ದರು. ಬಂಡಸಾಲೆಯನ್ನು ನಾನು ಮೊದಲು ನೋಡಿದ್ದು ಕಲ್ಲಿನ ರಾಶಿಗಳ ನಡುವೆ. ಕೆಂಪು ಗೋಡೆ, ಅದರ ಹಿಂದೆ ಬಿಳಿಚಿಕೊಂಡ ಕಡಲು. ಮಾವ ಮೊದಲು ಇಂಜಿನಿಯರಾದರು. ಕೋಲು ಊರಿಕೊಂಡು ಸುತ್ತ ಬಂದರು, ಬಿರುಕಿನಲ್ಲಿ ಬೆರಳಿಟ್ಟು ನೋಡಿದರು. ಅಲ್ಲಿದ್ದ ಇಲಾಖೆಯ ಎಳೆಯ ಇಂಜಿನಿಯರ್ ಹುಡುಗಿಯನ್ನು ಕಲ್ಲಿನ ತೂಕದ ಬಗ್ಗೆ ಏನೇನೋ ಕೇಳಿದರು. ಅವಳೂ ಮರ್ಯಾದೆಯಿಂದಲೇ ಉತ್ತರ ಕೊಟ್ಟಳು. ಮಳೆಗಾಲದೊಳಗೆ ಮುಗಿಸಿ ಅಂತ ಮೇಲಿನವರ ಒತ್ತಡ ಸರ್, ನಾನೇನು ಮಾಡ್ಲಿ ಅಂದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

ಆಮೇಲೆ ಟೀಚರು ಬೀಗ ತೆಗೆದು ಹಜಾರದೊಳಗೆ ಕರೆದುಕೊಂಡು ಹೋದರು. ಉದ್ದನೆಯ ನೆಲ, ಗಾರೆ ಅಲ್ಲಲ್ಲಿ ಎದ್ದಿತ್ತು. ಮೇಲಿನ ಸಂದುಗಳಿಂದ ಬಿಸಿಲು ಕೋಲುಕೋಲಾಗಿ ಬಿದ್ದಿತ್ತು. ಇಲ್ಲೇ ಅಂತ ತೋರಿಸಿದರು ಟೀಚರು. ಅತ್ತೆ ಚಾಮರಾಜಪೇಟೆಯ ಹುಡುಗಿ, ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವರು. ಮದುವೆಯಾದ ಮೇಲೆ ಆ ಸೈಕಲ್ಲನ್ನು ರೈಲಿನಲ್ಲಿ, ಲಾರಿಯಲ್ಲಿ ಹೇರಿಸಿಕೊಂಡು ಅಲ್ಲಿಗೂ ತಂದಿದ್ದರು. ಹೊರಗೆ ಹೊಡೆದರೆ ಆ ಊರಿನಲ್ಲಿ ಆಡಿಕೊಳ್ಳುತ್ತಿದ್ದರು. ಅದಕ್ಕೆ ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಹೊತ್ತು ಬಾಗಿಲು ಹಾಕಿಕೊಂಡು ಈ ಹಜಾರದಲ್ಲಿ ಸುತ್ತು ಹೊಡೆಯುತ್ತಿದ್ದರು. ಸುತ್ತಮುತ್ತಲಿನ ಹುಡುಗಿಯರು ಬಾಗಿಲ ಸಂದಿನಿಂದ ಇಣುಕಿದರು. ಒಂದು ದಿನ ಅತ್ತೆ ಬಾಗಿಲು ತೆರೆದು, ಒಳಗೆ ಬರ್ತೀರಾ ಇಲ್ಲಾ ಅಲ್ಲೇ ನಿಂತು ನೊಣ ಹೊಡೀತೀರಾ ಅಂದರಂತೆ.

"ಬಿದ್ರೆ ಎತ್ತುತ್ತಿರಲಿಲ್ಲ ಅವ್ರು" ಅಂದರು ಟೀಚರು. "ನೀನೇ ಏಳು, ಮಂಡಿಗೆ ಆಮೇಲೆ ಅರಿಶಿನ ಹಚ್ತೀನಿ ಅಂತಿದ್ರು. ಕೆಲಸಕ್ಕೆ ಸೇರಿದ ಮೇಲೆ ನಾನು ಶಾಲೆಗೆ ಹೋದದ್ದೆಲ್ಲ ಸೈಕಲ್ಲಿನಲ್ಲೇ. ಇಲ್ಲದಿದ್ರೆ ಆ ದೂರದ ಶಾಲೆಯ ಕೆಲಸ ನಂಗೆ ಮಾಡ್ಲಿಕ್ಕೆ ಆಗ್ತಿರಲಿಲ್ಲ."

ಮಾವ ಮೆಟ್ಟಿಲ ಕಡೆ ನಡೆದರು. ಮರದ ಮೆಟ್ಟಿಲು, ಕಡಿದು. ಬೇಡ ಮಾವ ಅಂದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಸುಮ್ಮನಿದ್ದರೋ. ನಾನು ಹಿಂದಿನಿಂದ ಅವರ ಬೆನ್ನಿಗೆ ಕೈ ಕೊಟ್ಟುಕೊಂಡು ಹತ್ತಿದೆ. ಮೇಲಿನ ಕೋಣೆಯಲ್ಲಿ ಕಡಲ ಕಡೆಗೊಂದು ಕಿಟಕಿ, ಅದರ ಕೆಳಗೆ ಗೋಡೆಯಲ್ಲೇ ಕಟ್ಟಿದ ಕೂರುವ ಕಟ್ಟೆ. ಮಾವ ಕಟ್ಟೆಯ ಧೂಳನ್ನು ಅಂಗೈಯಿಂದ ಒರೆಸಿ ಒಂದು ತುದಿಯಲ್ಲಿ ಕೂತರು. ಇನ್ನೊಂದು ತುದಿಯನ್ನು ಹಾಗೇ ಬಿಟ್ಟರು. ನಾನು ಅಲ್ಲಿ ಕೂರಲಿಲ್ಲ.

ಬಂದ ಹೊಸದರಲ್ಲಿ ಅವಳು ಈ ಕಿಟಕಿ ತೆಗೀತಾನೇ ಇರಲಿಲ್ಲ ಅಂದರು ಮಾವ. ಕಡಲು ಮನೆಯೊಳಗೇ ಬರುತ್ತೆ ಅಂತ ಹೆದರಿಕೆಯಂತೆ. ನಾನು ಕಟ್ಟುತ್ತಿರೋ ಗೋಡೆ ಮುಗಿದ ದಿನ ತೆಗಿ ಅಂದಿದ್ದರಂತೆ ಇವರು. ಗೋಡೆ ಮುಗಿಯುವ ಮುಂಚೆಯೇ ಒಂದು ಸಂಜೆ ಇವರು ಕೆಲಸದಿಂದ ಬರುವಾಗ ಕಿಟಕಿ ತೆರೆದಿತ್ತು, ಅತ್ತೆ ಇದೇ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಕಡಲು ನೋಡುತ್ತಿದ್ದರು. ಹೆದರಿಕೆ ಹೋಯ್ತಾ ಅಂತ ಕೇಳಿದರೆ, ಇಲ್ಲ, ಅಭ್ಯಾಸ ಆಯ್ತು ಅಂದರಂತೆ.

"ಅವಳು ಹೋದ ಮೇಲೆ ನಾನು ಅವಳ ವಿಷಯ ಯಾರ ಹತ್ರಾನೂ ಮಾತಾಡ್ಲಿಲ್ಲ" ಅಂದರು ಮಾವ. "ಮಾತಾಡಿದ್ರೆ ಖಾಲಿ ಆಗಿಬಿಡ್ತಾಳೆ ಅನ್ನಿಸ್ತಿತ್ತು. ಈ ಟೀಚರಮ್ಮ ಅಷ್ಟು ಮಾತಾಡಿದ್ರೂ ಖಾಲಿ ಆಗಲಿಲ್ಲ ನೋಡು."

ನಾನು ಕಿಟಕಿಯಾಚೆ ನೋಡುತ್ತ ನಿಂತೆ. ಕೆಳಗೆ ಇನ್ನೊಂದು ಟಿಪ್ಪರ್ ಬಂದು ಕಲ್ಲು ಸುರಿಯಿತು. ಮಾವ ಕೂತಿದ್ದ ಕಟ್ಟೆ ಸಣ್ಣಗೆ ನಡುಗಿತು. ಅವರು ಕಟ್ಟೆಯ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

ಹೈಕೋರ್ಟಿನಲ್ಲಿ ಅರ್ಜಿ ಬೇಗನೇ ವಿಚಾರಣೆಗೆ ಬಂತು. ಟೀಚರು ಮತ್ತೆ ಬಂದು ನಮ್ಮ ಮನೆಯಲ್ಲೇ ಉಳಿದರು. ಸರ್ಕಾರದ ಪರ ವಕೀಲರು ಬಲವಾಗಿಯೇ ವಾದ ಮಾಡಿದರು. ಮಳೆಗಾಲ ಬಾಗಿಲಲ್ಲಿದೆ, ಒಂದು ಪಾಳುಗೋದಾಮಿನ ಸಲುವಾಗಿ ಇಡೀ ಊರನ್ನು ಅಪಾಯಕ್ಕೆ ತಳ್ಳುವುದು ಸರಿಯೇ ಅಂತ ಕೇಳಿದರು. ನಾನು ಕಾನೂನು ಹೇಳಿದೆ. ನಾವು ಗೋಡೆಯನ್ನು ನಿಲ್ಲಿಸಿ ಅನ್ನುತ್ತಿಲ್ಲ, ಕಾನೂನಿನ ಪ್ರಕಾರ ಕಟ್ಟಿ ಅನ್ನುತ್ತಿದ್ದೇವೆ ಅಂದೆ. ನ್ಯಾಯಮೂರ್ತಿಗಳು ನಂಬಿದ ಹಾಗೆ ಕಾಣಲಿಲ್ಲ. ಅರ್ಜಿದಾರರು ಬಂದಿದ್ದಾರೆಯೇ ಅಂತ ಕೇಳಿದರು. ಟೀಚರು ಹಿಂದಿನ ಬೆಂಚಿನಿಂದ ಎದ್ದು ನಿಂತರು. ನಿಮಗೆ ಗೋಡೆ ಬೇಡವೇನಮ್ಮ ಅಂದರು ನ್ಯಾಯಮೂರ್ತಿಗಳು.

"ಬೇಕು ಸ್ವಾಮಿ. ಗೋಡೆಯ ಹಿಂದೆ ನನ್ನ ಮನೆ ಉಂಟು" ಅಂದರು ಟೀಚರು. "ಆದ್ರೆ ಬಂಡಸಾಲೆ ನಮ್ಮೆಲ್ಲರ ಮನೆಗಿಂತ ಮುಂಚಿನಿಂದ ಅಲ್ಲಿ ನಿಂತಿದೆ. ಅಲೆ ಬೀಳಿಸಿದ್ರೆ ಸಹಿಸ್ಕೊಳ್ಬಹುದು. ಕಾಯ್ಲಿಕ್ಕೆ ತಂದ ಕಲ್ಲೇ ಬೀಳಿಸಿದ್ರೆ ಹೇಗೆ ಸಹಿಸೋದು?"

ನ್ಯಾಯಮೂರ್ತಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಬಂಡಸಾಲೆಯ ಮುಂದಿನ ಭಾಗದಲ್ಲಿ ಮಾತ್ರ ಕೆಲಸ ನಿಲ್ಲಲಿ, ಉಳಿದ ಕಡೆ ನಡೆಯಲಿ, ಸ್ಮಾರಕ ಬಲ್ಲವರೊಬ್ಬರು, ಕಡಲ ಕಾಮಗಾರಿ ಬಲ್ಲವರೊಬ್ಬರು ಒಟ್ಟಿಗೆ ಹೋಗಿ ನೋಡಿ ವರದಿ ಕೊಡಲಿ ಅಂತ ಆದೇಶವಾಯಿತು.

ಗೆದ್ದೆವು ಅಂತ ನಾನು ಅಂದುಕೊಂಡೆ. ಆದರೆ ವರದಿ ತಡವಾಯಿತು, ಮಳೆ ತಡ ಮಾಡಲಿಲ್ಲ. ಗೋಡೆ ಎರಡೂ ಕಡೆಯಿಂದ ಬಂದು ಬಂಡಸಾಲೆಯ ಮುಂದೆ ಬಾಯಿಬಿಟ್ಟುಕೊಂಡು ನಿಂತಿತ್ತು. ಒಂದು ಬೆಳಿಗ್ಗೆ ಟೀಚರ ಫೋನು ಬಂತು. ಆ ಬಾಯಿಯೊಳಗಿಂದ ಕಡಲು ನುಗ್ಗಿ ಅವರ ಹಿತ್ತಲಿನ ತೆಂಗಿನ ಮರಗಳನ್ನು, ಬಾವಿಕಟ್ಟೆಯನ್ನು ಎಳೆದುಕೊಂಡು ಹೋಗಿತ್ತು. ಬಂಡಸಾಲೆಯ ಮುಂಜಗಲಿಯೂ ಕುಸಿದಿತ್ತು, ದೊಡ್ಡ ಗೋಡೆಗಳು ನಿಂತಿದ್ದವು. ನಿಮ್ಮ ಕೇಸಿನಿಂದಲೇ ಹೀಗಾಯಿತು ಅಂತ ಅಕ್ಕಪಕ್ಕದವರು ಟೀಚರ ಹತ್ತಿರ ಮಾತು ಬಿಟ್ಟಿದ್ದರು.

ನನಗೆ ಫೋನು ಹಿಡಿದುಕೊಂಡು ಅಳುವ ಹಾಗಾಯಿತು. ಮಾವ ನನ್ನ ಕೈಯಿಂದ ಫೋನು ತೆಗೆದುಕೊಂಡರು. ಆ ಕಡೆಯ ಮಾತು ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಆದರೂ ದೊಡ್ಡ ದನಿಯಲ್ಲಿ ಕೇಳುತ್ತ ಹೋದರು. ನೀರು ಎಲ್ಲಿಯ ತನಕ ಬಂತು, ಅಡುಗೆಮನೆಯ ಪಾಯ ಹೇಗಿದೆ, ಈಗ ಎಲ್ಲಿ ಮಲಗ್ತೀಯಮ್ಮ, ಊಟ ಆಯ್ತಾ. ಮರಳಿನ ಚೀಲಗಳನ್ನು ಹೇಗೆ ಒಡ್ಡಬೇಕು ಅಂತ ಒಂದೊಂದಾಗಿ ಹೇಳಿದರು. ಫೋನಿಟ್ಟ ಮೇಲೆ ನನಗೆ, ಏಳು, ಅರ್ಜೆಂಟ್ ಅರ್ಜಿ ಬರಿ ಅಂದರು.

ಬರೆದೆ. ವರದಿಯೂ ಬಂತು. ಮಾವ ಪೆನ್ಸಿಲಿನಲ್ಲಿ ಗೀಚಿದ್ದಕ್ಕೂ ತಜ್ಞರು ಹೇಳಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಗೋಡೆಯನ್ನು ಎಷ್ಟು ಬಾಗಿಸಬೇಕು ಅನ್ನುವುದರಲ್ಲಿ ಅವರ ಲೆಕ್ಕವೇ ಸರಿ, ನನ್ನದು ಹಳೇ ಲೆಕ್ಕ ಅಂತ ಮಾವ ಒಪ್ಪಿಕೊಂಡರು. ವರದಿಯ ಹಾಗೇ ಕಟ್ಟಿ ಅಂತ ಕೋರ್ಟು ಹೇಳಿತು. ಮಳೆ ಬಿಡುವು ಕೊಟ್ಟ ಕೂಡಲೇ ಉತ್ತರದ ದಾರಿಯಿಂದ ಲಾರಿಗಳು ಬಂದವು. ಕ್ರೇನು ಒಂದೊಂದೇ ಕಲ್ಲನ್ನು ಎತ್ತಿ ಇಳಿಸಿತು. ಆ ಎಳೆಯ ಇಂಜಿನಿಯರ್ ಹುಡುಗಿಯೇ ನಿಂತು ಮಾಡಿಸಿದಳಂತೆ, ಗಾಜಿನ ಪಟ್ಟಿಗಳನ್ನು ದಿನವೂ ತಾನೇ ನೋಡುತ್ತಿದ್ದಳಂತೆ. ಈ ಸಲ ಅನುಮತಿ ಕೊಟ್ಟ ಸ್ಮಾರಕದ ಇಲಾಖೆಯವರು ಬಂದು ಮುಂಜಗಲಿಯ ಕಲ್ಲುಗಳನ್ನು ಆಯ್ದು ಹಜಾರದೊಳಗೆ ಜೋಡಿಸಿಟ್ಟರು. ಅದನ್ನು ಮತ್ತೆ ಕಟ್ಟುವ ಮಾತು ಇನ್ನೂ ಮಾತಾಗಿಯೇ ಇದೆ. ಅಕ್ಕಪಕ್ಕದವರು ಟೀಚರ ಹತ್ತಿರ ಮೆಲ್ಲಗೆ ಮಾತಿಗೆ ಬಂದಿದ್ದಾರೆ, ಒಬ್ಬರನ್ನು ಬಿಟ್ಟು. ತೆಂಗಿನ ಮರಗಳ ಜಾಗ ಈಗ ಬರೀ ಮರಳು.

ಗೋಡೆ ಮುಗಿಯಿತು ಅಂತ ಟೀಚರು ಕರೆದಾಗ ಮಾವನಿಗೆ ಮಂಡಿನೋವು. ನೀನು ಹೋಗಿ ನೋಡ್ಕೊಂಡು ಬಾ ಅಂತ ಮಗನಿಗೆ ಹೇಳಿದರು. ನನ್ನ ಗಂಡ ಮೊದಲು ರಜೆ ಇಲ್ಲ ಅಂದರು, ಆಮೇಲೆ ನಮಗೆ ಹೇಳದೆ ಟಿಕೆಟ್ ತೆಗೆಸಿದರು. ಒಬ್ಬರೇ ಹೋಗಿ, ಮಧ್ಯೆ ಒಂದು ದಿನ ಉಳಿದು, ಭಾನುವಾರ ಬೆಳಿಗ್ಗೆ ವಾಪಸು ಬಂದರು. ಸ್ನಾನ ಮಾಡಿ ಊಟಕ್ಕೆ ಕೂರುವ ತನಕ ಏನೂ ಹೇಳಲಿಲ್ಲ. ಮಾವನೂ ಕೇಳಲಿಲ್ಲ. ನಾನು ಹುಳಿ ಬಡಿಸುತ್ತಿದ್ದೆ.

"ಮೇಲಿನ ರೂಮಲ್ಲಿ ಗಾಳಿ ಜಾಸ್ತಿ ಅಲ್ವಾಪ್ಪ" ಅಂದರು ನನ್ನ ಗಂಡ ಕೊನೆಗೆ.

"ಜಾಸ್ತಿ. ಸಂಜೆ ದೀಪ ನಿಲ್ತಾನೇ ಇರಲಿಲ್ಲ" ಅಂದರು ಮಾವ. "ನಿಮ್ಮಮ್ಮ ಸೆರಗು ಅಡ್ಡ ಹಿಡ್ಕೊಂಡು ಹಚ್ತಿದ್ಳು. ಒಂದ್ಸಲ ಸೆರಗೇ ಸುಟ್ಕೊಂಡ್ಳು."

"ಆಮೇಲೆ?" ಅಂದರು ನನ್ನ ಗಂಡ.

ಮಾವ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಹೇಳತೊಡಗಿದರು. ನಾನು ಹುಳಿಯ ಪಾತ್ರೆಯನ್ನು ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತೆ.